ಗಾಡಿಯೋ ಕುರ್ಚಿಯೋ

ಅಮ್ಮ ಕೊನೆಯ ಹನ್ನೊಂದು ವರ್ಷ ಗಾಲಿಕುರ್ಚಿಯಲ್ಲೇ ಕಳೆದರು. ಮೊದಲ ವರ್ಷವೇ ಅದರ ಮುಂದಿನ ಪುಟ್ಟ ಗಾಲಿ ಕಚ್ಚಿಕೊಂಡು ನಿಂತಿತು. ಕುರ್ಚಿ ಕೊಂಡಿದ್ದ ಅಂಗಡಿಗೆ ಮಗಳು ಹೋಗಿ ಕೇಳಿದಳು. ರಿಪೇರಿಗೆ ಎರಡು ವಾರ ಆಗುತ್ತದೆ ಎಂದರು.

"ಅಲ್ಲಿವರೆಗೆ ಅಮ್ಮ ಏನು ಮಾಡ್ಬೇಕು?"

"ಮಲಗಿರಲಿ," ಎಂದ ಅಂಗಡಿಯವನು, ಇನ್ನೊಬ್ಬ ಗಿರಾಕಿಯತ್ತ ತಿರುಗುತ್ತಾ.

ಅವಳು ಮನೆಗೆ ಬಂದು ಕುರ್ಚಿಯನ್ನು ತಲೆಕೆಳಗು ಮಾಡಿದಳು. ಅಣ್ಣನ ಸ್ಕೂಟರಿನ ಸ್ಪ್ಯಾನರ್ ತೆಗೆದುಕೊಂಡು ಪುಟ್ಟ ಗಾಲಿಯನ್ನು ಬಿಚ್ಚಿದಳು. ಒಳಗೆ ಅಚ್ಚಿನ ಸುತ್ತ ಕೂದಲು, ದಾರ, ಕಂಬಳಿಯ ನೂಲು ಹಗ್ಗದ ಹಾಗೆ ಹೊಸೆದುಕೊಂಡು ಕೂತಿದ್ದವು. ಅಮ್ಮನ ಬಿಳಿಕೂದಲು, ತನ್ನ ಕರಿಕೂದಲು ಎರಡೂ ಇದ್ದವು. ಬ್ಲೇಡಿನಿಂದ ಎಲ್ಲ ಕತ್ತರಿಸಿ ತೆಗೆದು, ಒರೆಸಿ, ಗ್ರೀಸ್ ಹಚ್ಚಿ ಮತ್ತೆ ಜೋಡಿಸಿದಳು. ಒಂದು ವಾಷರ್ ಉಳಿದುಬಿಟ್ಟಿತು. ಮತ್ತೆ ಬಿಚ್ಚಿದಳು. ದೀಪ ಹಚ್ಚುವ ಹೊತ್ತಿಗೆ ಅಮ್ಮ ಅಂಗಳಕ್ಕೆ ಹೋಗಿ ಬಂದರು.

ಹನ್ನೊಂದು ವರ್ಷದಲ್ಲಿ ಆ ಕುರ್ಚಿಯಲ್ಲಿ ಅವಳ ಕೈ ಹೋಗದ ಜಾಗ ಉಳಿಯಲಿಲ್ಲ. ಬೇರಿಂಗ್, ಬ್ರೇಕ್, ಕಡ್ಡಿ, ಕೂರುವ ಬಟ್ಟೆ, ಕಾಲು ಇಡುವ ಹಲಗೆ, ಎಲ್ಲವನ್ನೂ ಒಂದಲ್ಲ ಒಂದು ಸಲ ಅವಳು ಬದಲಾಯಿಸಿದ್ದಳು. ಎದುರುಮನೆಯವರು ತಮ್ಮ ಅಜ್ಜನ ಕುರ್ಚಿ ತಂದರು. ಅವರನ್ನು ಕಂಡು ಹಿಂದಿನ ಬೀದಿಯವರು ತಂದರು. ಯಾರೋ ತಮಾಷೆಗೆ ಗಾಲಿಯಕ್ಕ ಎಂದು ಕರೆದರು, ಅದೇ ಅಂಟಿಕೊಂಡಿತು. ಅಮ್ಮ ಹೋದ ಮೇಲೂ ಕುರ್ಚಿಗಳು ಬರುವುದು ನಿಲ್ಲಲಿಲ್ಲ. ಅಣ್ಣ ಸ್ಕೂಟರ್ ಮಾರಿದ್ದರಿಂದ ಮನೆಯ ಪಕ್ಕದ ಶೆಡ್ಡು ಖಾಲಿಯಾಗಿತ್ತು. ಅವಳು ಅಲ್ಲೊಂದು ಮೇಜು ಹಾಕಿಕೊಂಡಳು.

ಅವಳಿಗೆ ಆಗ ನಲವತ್ತಾರು. ಮದುವೆಯಾಗಿರಲಿಲ್ಲ. ಅಣ್ಣ ಅತ್ತಿಗೆಯ ಮನೆಯಲ್ಲಿ ಇದ್ದಳು. ಅಣ್ಣ ವಿಮಾ ಕಚೇರಿಯಿಂದ ನಿವೃತ್ತನಾದವನು, ಕಾಗದಪತ್ರದ ವಿಷಯದಲ್ಲಿ ಎತ್ತಿದ ಕೈ. ಮನೆಯವರ ಯಾವ ಅರ್ಜಿಯಾದರೂ ಅವನೇ ತುಂಬಬೇಕು, ಅವನೇ ಪಿನ್ನು ಹೊಡೆಯಬೇಕು. ಬೇರೆಯವರು ಪಿನ್ನು ಹೊಡೆದರೆ ಕಿತ್ತು ಮತ್ತೆ ಹೊಡೆಯುತ್ತಿದ್ದ.

ಒಂದು ದಿನ ವೃದ್ಧಾಶ್ರಮದ ಮೇಲ್ವಿಚಾರಕಿ ಶೆಡ್ಡಿಗೆ ಬಂದರು. ಅವರ ಆಶ್ರಮದಲ್ಲಿ ನಲವತ್ತು ಗಾಲಿಕುರ್ಚಿಗಳಿದ್ದವು, ಅದರಲ್ಲಿ ಅರ್ಧ ಎಡಕ್ಕೆ ಎಳೆಯುತ್ತಿದ್ದವು.

"ನಮ್ಮ ನೆಲವೇ ಸರಿ ಇಲ್ಲ ಅಂತಾರೆ," ಎಂದರು ಅವರು.

"ಕುಣಿಯಲಾರದವಳು ನೆಲ ಡೊಂಕು ಅಂದಹಾಗೆ," ಎಂದಳು ಗಾಲಿಯಕ್ಕ. "ನೆಲದ ತಪ್ಪಾದ್ರೆ ಹೋಗ್ತಾ ಎಡಕ್ಕೆ ಎಳೆದದ್ದು ಬರ್ತಾ ಬಲಕ್ಕೆ ಎಳೀಬೇಕು. ಎಳೆಯುತ್ತಾ?"

ಮೇಲ್ವಿಚಾರಕಿ ಸ್ವಲ್ಪ ಯೋಚಿಸಿದರು. "ಇಲ್ಲ. ಬರ್ತಾನೂ ಎಡಕ್ಕೇ."

"ಹಾಗಾದ್ರೆ ಗಾಲಿಯದ್ದೇ."

ಮೇಲ್ವಿಚಾರಕಿಗೆ ಖುಷಿಯಾಯಿತು. ನಲವತ್ತನ್ನೂ ವರ್ಷಪೂರ್ತಿ ನೋಡಿಕೊಳ್ಳುತ್ತೀರಾ ಎಂದು ಕೇಳಿದರು. ಆದರೆ ಒಂದು ಷರತ್ತು ಇತ್ತು. ಆಶ್ರಮದ ಲೆಕ್ಕದವರಿಗೆ ಬಿಲ್ಲು ಬೇಕು, ಬಿಲ್ಲಿನ ಮೇಲೆ ನಂಬರ್ ಬೇಕು, ನಂಬರ್ ಬೇಕಾದರೆ ವ್ಯಾಪಾರದ ನೋಂದಣಿ ಆಗಬೇಕು. "ಕಷ್ಟ ಏನಿಲ್ಲ. ಒಬ್ಬರೇ ಮಾಲೀಕರು ಅಂತ ಒಂದು ಫಾರಂ ಇದೆ, ಎರಡೇ ಹಾಳೆ."

ಗಾಲಿಯಕ್ಕ ಮನೆಗೆ ಬಂದು ಹೇಳಿದ್ದೇ ತಡ, ಅಣ್ಣ ಕನ್ನಡಕ ಏರಿಸಿಕೊಂಡು ಹೊರಟೇಬಿಟ್ಟ. ಮಾರನೆಯ ದಿನ ಫಾರಂ ಬಂತು. ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ಫಾರಂ ಇಟ್ಟು, ಗುಂಡಗೆ ಒಂದೇ ಅಳತೆಯ ಅಕ್ಷರಗಳಲ್ಲಿ ತುಂಬಿದ. ತುಂಬಿಯಾದ ಮೇಲೆ ತಂಗಿಗೆ ತೋರಿಸಿದ. ಮಾಲೀಕರ ಹೆಸರು ಎಂಬಲ್ಲಿ ತನ್ನ ಹೆಸರು ಬರೆದಿದ್ದ.

ಅವಳು ಅದನ್ನು ಎರಡು ಸಲ ಓದಿದಳು.

"ಅಣ್ಣ, ಇಲ್ಲಿ ನನ್ನ ಹೆಸರು ಬರ್ಬೇಕಲ್ವಾ?"

"ಮನೆ ನನ್ನ ಹೆಸರಲ್ಲಿದೆ, ಶೆಡ್ಡೂ ಅದರಲ್ಲೇ ಬಂತು. ಸುಲಭ ಆಗುತ್ತೆ," ಎಂದ. ಆಮೇಲೆ ದನಿ ತಗ್ಗಿಸಿದ. "ಒಬ್ಬರೇ ಮಾಲೀಕರು ಅಂದ್ರೆ ಏನು ಗೊತ್ತಾ? ನಾಳೆ ಹೆಚ್ಚುಕಮ್ಮಿ ಆದ್ರೆ ಎಲ್ಲಾ ಅವರ ತಲೆ ಮೇಲೇ ಬರುತ್ತೆ. ನಿನಗ್ಯಾಕೆ ಆ ರಗಳೆ? ನೀನು ಕೆಲಸ ಮಾಡು. ತಲೆ ಕೊಡೋಕೆ ನಾನಿದ್ದೀನಿ."

ಅವನು ದುರಾಸೆಯಿಂದ ಹೇಳಿದ್ದರೆ ಅವಳಿಗೆ ಉತ್ತರ ಸಿಗುತ್ತಿತ್ತು. ಅಕ್ಕರೆಯಿಂದ ಹೇಳಿದ್ದರಿಂದ ಸಿಗಲಿಲ್ಲ. ಅಡುಗೆಮನೆಯಿಂದ ಅತ್ತಿಗೆಯ ಮಾತು ಕೇಳಿಸಿತು.

"ಕೆಲಸ ಗೊತ್ತಿಲ್ಲದವರು ಮಾಲೀಕರಾಗೋದು ಲೋಕದಲ್ಲಿ ಹೊಸದೇನಲ್ಲ ಬಿಡಿ."

"ನಿನ್ನ ಅಭಿಪ್ರಾಯ ಯಾರೂ ಕೇಳ್ಲಿಲ್ಲ," ಎಂದ ಅಣ್ಣ.

"ಕೇಳ್ಲಿಲ್ಲ ಅಂತಲೇ ಬಿಟ್ಟಿ ಕೊಡ್ತಿದ್ದೀನಿ."

ಗಾಲಿಯಕ್ಕ ನಕ್ಕಳು. ಆದರೆ ಆ ದಿನವೆಲ್ಲ ಶೆಡ್ಡಿನಲ್ಲಿ ಕೈ ಕೆಲಸ ಮಾಡುತ್ತಿದ್ದರೆ ಮನಸ್ಸು ಆ ಹಾಳೆಯ ಸುತ್ತಲೇ ತಿರುಗುತ್ತಿತ್ತು. ಅವಳ ಹೆಸರು ಇದುವರೆಗೆ ಬಂದಿದ್ದ ಕಾಗದಗಳಲ್ಲೆಲ್ಲ ಅವಳು ಯಾರದೋ ಏನೋ ಆಗಿದ್ದಳು. ಅಮ್ಮನ ಆಸ್ಪತ್ರೆ ಚೀಟಿಯಲ್ಲಿ ಜೊತೆಗಿರುವವರು. ಅಣ್ಣನ ವಿಮೆಯಲ್ಲಿ ಅವಲಂಬಿತರು. ಅದರಿಂದ ಅವಳಿಗೆ ಎಂದೂ ಬೇಸರವಾಗಿರಲಿಲ್ಲ. ಈಗಲೂ ಬೇಸರವೇನಲ್ಲ, ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ಅಷ್ಟೆ.

ಸೋಮವಾರ ಇಬ್ಬರೂ ನೋಂದಣಿ ಕಚೇರಿಗೆ ಹೋದರು. ಉದ್ದನೆಯ ಕೋಣೆ, ಗೋಡೆಗೆ ತಾಗಿಸಿದ ಬೆಂಚುಗಳು, ಗಾಜಿನ ಹಿಂದೆ ಮೂರು ಕೌಂಟರ್. ಟೋಕನ್ ತೆಗೆದುಕೊಂಡು ಒಂದು ಗಂಟೆ ಕೂತರು. ಅಷ್ಟರಲ್ಲಿ ಅಣ್ಣ ಪಕ್ಕದಲ್ಲಿ ಕೂತಿದ್ದ ಇಬ್ಬರ ಅರ್ಜಿಯಲ್ಲಿ ತಪ್ಪು ಹುಡುಕಿ ತಿದ್ದಿಸಿದ್ದ.

ಅವರ ಸರದಿ ಬಂತು. ಗುಮಾಸ್ತ ಫಾರಂ ನೋಡಿ ಮೆಚ್ಚಿದ. "ಅಕ್ಷರ ಮುತ್ತಿನ ಹಾಗಿದೆ. ವ್ಯಾಪಾರ ಏನು?"

"ಗಾಲಿಕುರ್ಚಿ ರಿಪೇರಿ," ಎಂದ ಅಣ್ಣ ಎದೆಯುಬ್ಬಿಸಿ.

ಗುಮಾಸ್ತ ಕಂಪ್ಯೂಟರಿನಲ್ಲಿ ಹುಡುಕಿದ. ಮೇಲಿಂದ ಕೆಳಗೆ ನೋಡಿದ, ಕೆಳಗಿಂದ ಮೇಲೆ ನೋಡಿದ, ತಲೆ ಕೆರೆದುಕೊಂಡ.

"ಅದು ನಮ್ಮ ಪಟ್ಟಿಯಲ್ಲಿಲ್ಲ. ಗಾಡಿ ರಿಪೇರಿ ಇದೆ, ಕುರ್ಚಿ ಮೇಜು ರಿಪೇರಿ ಇದೆ. ನಿಮ್ಮದು ಗಾಡಿಯೋ ಕುರ್ಚಿಯೋ?"

ಅಣ್ಣ ತಂಗಿಯ ಮುಖ ನೋಡಿದ.

"ಎರಡೂ ಅಲ್ಲ," ಎಂದಳು ಅವಳು.

"ಮಾಲೀಕರು ಹೇಳ್ಲಿ ಅಮ್ಮ," ಎಂದ ಗುಮಾಸ್ತ. "ಗಾಡಿ ಅಂತ ಬರೆದ್ರೆ ಗ್ಯಾರೇಜಿನ ನಿಯಮ ಎಲ್ಲ ಬರುತ್ತೆ. ಬೆಂಕಿ ಆರಿಸೋ ವ್ಯವಸ್ಥೆ, ಹೊಗೆ ತಪಾಸಣೆ, ಎಲ್ಲ."

"ಅದಕ್ಕೆ ಹೊಗೆಯೇ ಇಲ್ಲವಲ್ಲ," ಎಂದ ಅಣ್ಣ.

"ಅದಕ್ಕೇ ಹೇಳ್ತಿದ್ದೀನಿ, ಕುರ್ಚಿ ಅಂತ ಬರ್ಕೊಳ್ಳಿ. ಇವತ್ತೇ ನಂಬರ್ ಕೊಡ್ತೀನಿ. ಕುರ್ಚಿ ತಾನೆ, ಜನ ಕೂರ್ತಾರೆ ತಾನೆ?"

ಅಣ್ಣನಿಗೆ ಆ ವಾದ ಹಿಡಿಸಿತು. ಇವತ್ತೇ ಎಂಬ ಮಾತಂತೂ ಇನ್ನೂ ಹಿಡಿಸಿತು. ಪೆನ್ನಿನ ಮುಚ್ಚಳ ತೆಗೆದ. ಗಾಲಿಯಕ್ಕ ಅವನ ಕೈಯ ಮೇಲೆ ಕೈ ಇಟ್ಟಳು.

"ಬೇಡ ಅಣ್ಣ. ಕುರ್ಚಿಗೆ ಬ್ರೇಕ್ ಇರಲ್ಲ."

"ಅದು ಬರೀ ಹೆಸರು ಕಣೆ."

"ಹೆಸರೇ. ಕುರ್ಚಿ ಅಂತ ಬರೆದ್ರೆ ನಾನು ಬ್ರೇಕ್ ಸರಿ ಮಾಡ್ತೀನಿ ಅಂತ ಎಲ್ಲೂ ಹೇಳಿದ ಹಾಗಾಗಲ್ಲ. ಇಳಿಜಾರಲ್ಲಿ ಕುರ್ಚಿ ನಿಲ್ಲದೇ ಹೋದ್ರೆ ಅದರಲ್ಲಿ ಕೂತವರು ಬಂದು ಕೇಳೋದು ಏನಂತ? ಕಾಲು ಮುರಿದ ಸ್ಟೂಲು ಅಂತಲಾ?"

ಹಿಂದೆ ಕಾಯುತ್ತಿದ್ದವರು ಗೊಣಗಲು ಶುರುಮಾಡಿದರು. ಗುಮಾಸ್ತ ಎದ್ದು ಒಳಗಿನಿಂದ ಅಧಿಕಾರಿಯನ್ನು ಕರೆತಂದ. ಕೂದಲು ನರೆತ ಹೆಂಗಸು, ಕೈಯಲ್ಲಿ ಅರ್ಧ ಕುಡಿದ ಚಹಾ. ಎಲ್ಲ ಕೇಳಿಸಿಕೊಂಡು ಫಾರಂ ತಿರುವಿ ಹಾಕಿದರು.

"ಏನೇನು ಮಾಡ್ತೀರಿ ಅಂತ ಬಿಡಿಸಿ ಹೇಳಿ," ಎಂದರು ಅಣ್ಣನಿಗೆ.

ಅಣ್ಣ ಗಂಟಲು ಸರಿಮಾಡಿಕೊಂಡ. "ಗಾಲಿ... ಗಾಲಿಯನ್ನ ಸರಿ ಮಾಡೋದು. ಮತ್ತೆ, ಉಳಿದದ್ದು."

ಅಧಿಕಾರಿ ಕಾದರು. ಉಳಿದದ್ದು ಬರಲಿಲ್ಲ. ಅವರು ತಂಗಿಯತ್ತ ನೋಡಿದರು. ಅವಳು ಹೇಳತೊಡಗಿದಳು. ಮುಂದಿನ ಗಾಲಿಯಲ್ಲಿ ಕೂದಲು ಸುತ್ತಿಕೊಳ್ಳುವುದು, ಹಿಂದಿನ ಗಾಲಿಯ ಬೇರಿಂಗ್ ಸವೆದರೆ ಕುರ್ಚಿ ಒಂದು ಪಕ್ಕಕ್ಕೆ ಎಳೆಯುವುದು, ಟಯರ್ ಸವೆದಷ್ಟೂ ಬ್ರೇಕು ದೂರವಾಗುವುದು, ಬಟ್ಟೆ ಜೋತುಬಿದ್ದರೆ ಕೂತವರ ಸೊಂಟ ಹಿಡಿಯುವುದು. ಕೈಯಲ್ಲಿ ಬ್ರೇಕಿನ ಹಿಡಿ ಎಳೆದು ತೋರಿಸಿದಳು, ಅಲ್ಲಿ ಹಿಡಿ ಇರದಿದ್ದರೂ. ಗೊಣಗುತ್ತಿದ್ದವರು ಸುಮ್ಮನಾಗಿ ಕೇಳುತ್ತಿದ್ದರು. ಅವಳಿಗೆ ಅದು ಗೊತ್ತಾಗಲಿಲ್ಲ.

"ಇತರೆ ಅಂತ ಒಂದು ವಿಭಾಗ ಇದೆ," ಎಂದರು ಅಧಿಕಾರಿ ಕೊನೆಗೆ. "ಅದರಲ್ಲಿ ಏನು ಕೆಲಸ ಅಂತ ನೀವೇ ಬರೀಬಹುದು. ಆದ್ರೆ ಆಗ ನಮ್ಮವರು ಬಂದು ಜಾಗ ನೋಡ್ತಾರೆ, ಹತ್ತು ದಿನ ತಡ ಆಗುತ್ತೆ. ಇನ್ನೊಂದು ಮಾತು. ಒಬ್ಬರೇ ಮಾಲೀಕರ ವ್ಯಾಪಾರ ಇದು. ಲಾಭ ಬಂದ್ರೂ ಅವರದೇ, ತಪ್ಪಾದ್ರೂ ಅವರದೇ. ಬ್ರೇಕ್ ಹಿಡೀದೆ ಯಾರಾದ್ರೂ ಬಿದ್ರೆ ನಾವು ಇಲ್ಲಿರೋ ಹೆಸರನ್ನೇ ಕೇಳೋದು." ಬೆರಳು ಅಣ್ಣನ ಹೆಸರಿನ ಮೇಲಿತ್ತು.

ಅಣ್ಣ "ಹೂಂ" ಎಂದ. ಅವನು ಅದಕ್ಕೆ ಸಿದ್ಧನಾಗಿಯೇ ಬಂದಿದ್ದ.

"ನನ್ನನ್ನೇ ಕೇಳಿ," ಎಂದಳು ಗಾಲಿಯಕ್ಕ. ಅಣ್ಣನ ಕಡೆ ತಿರುಗಿದಳು. "ನಾನು ಮುಟ್ಟಿದ ಬ್ರೇಕು ಅಣ್ಣ. ಅದಕ್ಕೆ ನಾನೇ ಉತ್ತರ ಹೇಳ್ಬೇಕು. ನಿನ್ನನ್ನ ಕೇಳಿದ್ರೆ ನೀನು ಏನು ಹೇಳ್ತೀಯ?"

ಅವನು ಬಾಯಿ ತೆರೆದ. ಗಾಲಿ ಮತ್ತು ಉಳಿದದ್ದು ಎಂಬುದಕ್ಕಿಂತ ಹೆಚ್ಚೇನೂ ಹೊಳೆಯಲಿಲ್ಲ. ಮುಖ ಕೊಂಚ ಸಪ್ಪಗಾಯಿತು. ತಾನು ತುಂಬಿದ್ದ ಫಾರಂ ಅನ್ನು ಗಾಜಿನ ಸಂದಿಯಿಂದ ಹಿಂದಕ್ಕೆ ಎಳೆದುಕೊಂಡು, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. ಬಾಗಿಲ ಕಡೆ ಹೊರಟ.

ಅವನು ಮನೆಗೇ ಹೊರಟ ಎಂದುಕೊಂಡಳು. ಆದರೆ ಅವನು ಹೋಗಿದ್ದು ಬಾಗಿಲ ಬಳಿಯ ಮೇಜಿಗೆ. ಹೊಸ ಫಾರಂ ತೆಗೆದುಕೊಂಡು ಬಂದು ಅವಳ ಮುಂದಿಟ್ಟ, ತನ್ನ ಪೆನ್ನು ಕೊಟ್ಟ.

"ದೊಡ್ಡದಾಗಿ ಬರಿ. ಗೆರೆ ದಾಟಿಸ್ಬೇಡ."

ಅವಳು ಬರೆದಳು. ಅಕ್ಷರ ಮುತ್ತಿನ ಹಾಗೇನೂ ಇರಲಿಲ್ಲ. ಒಂದೆರಡು ಕಡೆ ಗೆರೆಯನ್ನೂ ದಾಟಿತು. ಅಣ್ಣ ಹಲ್ಲು ಕಚ್ಚಿಕೊಂಡು ನೋಡುತ್ತಿದ್ದ, ತಿದ್ದಲಿಲ್ಲ. ವ್ಯಾಪಾರದ ಹೆಸರು ಎಂಬಲ್ಲಿ ಅವಳು ನಿಂತಳು. ಅದನ್ನು ಯೋಚಿಸಿರಲೇ ಇಲ್ಲ.

"ಜನ ಏನಂತ ಕರೀತಾರೆ?" ಎಂದು ಕೇಳಿದರು ಅಧಿಕಾರಿ.

"ಗಾಲಿಯಕ್ಕ."

"ಮತ್ತೆ ಬೇರೆ ಯಾಕೆ ಹುಡುಕ್ತೀರಿ?"

ಶೆಡ್ಡು ಬಳಸಲು ಒಪ್ಪಿಗೆ ಎಂಬ ಪತ್ರವನ್ನು ಮನೆಯ ಒಡೆಯನಾಗಿ ಅಣ್ಣನೇ ಬರೆದುಕೊಡಬೇಕಿತ್ತು. ಅಲ್ಲಿ ನಿಂತೇ ಬರೆದ. ಎರಡು ಸಾಲು ಸಾಕಿತ್ತು, ಪುಟ ತುಂಬಿಸಿದ. ಪಿನ್ನೂ ಅವನೇ ಹೊಡೆದ.

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಕೇಳಿದ.

"ಅವರು ಹಾಗೆ ಹೇಳಿದಾಗ ನಿನಗೆ ಭಯ ಆಗ್ಲಿಲ್ವಾ?"

"ಆಯ್ತು."

"ಮತ್ತೆ?"

"ಭಯ ಇದ್ರೇನೇ ಬ್ರೇಕನ್ನ ಎರಡು ಸಲ ನೋಡೋದು."

ಅವನು ಕಿಟಕಿಯಾಚೆ ನೋಡಿದ. "ಅಮ್ಮನ ಕುರ್ಚೀನ ನೀನು ರಿಪೇರಿ ಮಾಡ್ತಿದ್ದಾಗ ನಾನು ಒಂದು ದಿನಾನೂ ಕೂತು ನೋಡ್ಲಿಲ್ಲ, ನೋಡು," ಎಂದ.

ಹತ್ತು ದಿನವಾಗುತ್ತದೆ ಎಂದಿದ್ದ ತಪಾಸಣೆ ಎಂಟನೆಯ ದಿನಕ್ಕೇ ಬಂತು. ಬಂದವರು ಮೇಜು ನೋಡಿದರು, ಗೋಡೆಗೆ ತೂಗುಹಾಕಿದ ಗಾಲಿಗಳನ್ನು ನೋಡಿದರು. ತಮ್ಮ ಮಾವನವರ ಕುರ್ಚಿ ಕೂಡ ಎಡಕ್ಕೆ ಎಳೆಯುತ್ತದೆ ಎಂದು ಹೇಳಿ, ಸಹಿ ಹಾಕಿ ಹೋದರು. ಆ ವಾರವೇ ಪ್ರಮಾಣಪತ್ರ ಕೈಗೆ ಬಂತು. ಅತ್ತಿಗೆ ಅದನ್ನು ಗಟ್ಟಿಯಾಗಿ ಓದಿದರು. ಮಾಲೀಕರು ಎಂಬಲ್ಲಿಗೆ ಬಂದಾಗ ಗಂಡನ ಕಡೆ ನೋಡಿ ಇನ್ನೊಮ್ಮೆ ಓದಿದರು.

"ಒಂದು ಸಲ ಸಾಕು," ಎಂದ ಅಣ್ಣ. ಆದರೆ ಚೌಕಟ್ಟು ಹಾಕಿಸಿಕೊಂಡು ಬಂದವನೂ ಅವನೇ. ನೀರು ತುಂಬಿದ ಲೋಟವನ್ನು ಚೌಕಟ್ಟಿನ ಪಕ್ಕ ಹಿಡಿದು ಮಟ್ಟ ನೋಡಿ, ಶೆಡ್ಡಿನ ಗೋಡೆಗೆ ಮೊಳೆ ಹೊಡೆದ.

ವೃದ್ಧಾಶ್ರಮದಲ್ಲಿ ಮೊದಲ ದಿನ ಅವಳು ಹದಿಮೂರು ಕುರ್ಚಿ ಮುಗಿಸಿದಳು. ಉದ್ದನೆಯ ವರಾಂಡದಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಳು. ಕುರ್ಚಿಯವರು ಸುತ್ತ ಬೆಂಚುಗಳ ಮೇಲೆ ಕೂತು, ತಮ್ಮ ಮಕ್ಕಳನ್ನು ಡಾಕ್ಟರು ಪರೀಕ್ಷೆ ಮಾಡುವುದನ್ನು ನೋಡುವವರ ಹಾಗೆ ನೋಡುತ್ತಿದ್ದರು. ರಿಪೇರಿಯಾದ ಕುರ್ಚಿಯಲ್ಲಿ ಮುದುಕರೊಬ್ಬರು ವರಾಂಡದ ಆ ತುದಿಗೆ ಹೋಗಿ ತಿರುಗಿ ಬಂದರು. ನೇರವಾಗಿ ಹೋಗುತ್ತದೆ ಎಂದು ನಂಬಿಕೆ ಬರದೆ ಇನ್ನೊಮ್ಮೆ ಹೋಗಿ ಬಂದರು.

ಹದಿಮೂರನೆಯದು ಒಬ್ಬ ಅಜ್ಜಿಯದು. ನಿವೃತ್ತ ಶಿಕ್ಷಕಿ, ದನಿಯಲ್ಲಿ ಇನ್ನೂ ತರಗತಿಯ ಗತ್ತು ಇತ್ತು. ಅವರ ಕುರ್ಚಿ ಚಲಿಸಿದರೆ ಕಿರ್ರೆಂದು ಕೂಗುತ್ತಿತ್ತು. ಗಾಲಿಯಕ್ಕ ಎಣ್ಣೆ ಡಬ್ಬಿ ಎತ್ತಿಕೊಂಡಳು.

"ಬ್ರೇಕ್ ನೋಡು. ಸದ್ದನ್ನ ಮುಟ್ಬೇಡ," ಎಂದರು ಅಜ್ಜಿ.

"ಯಾಕಮ್ಮ?"

"ಸದ್ದು ಕೇಳಿದ್ರೆ ಎಲ್ರೂ ದಾರಿ ಬಿಡ್ತಾರೆ. ನಾನು ಬರೋದು ಗೊತ್ತಾಗಿ ನರ್ಸುಗಳು ಹರಟೆ ನಿಲ್ಲಿಸ್ತಾರೆ. ಅದನ್ನ ತೆಗೆದ್ರೆ ನನ್ನನ್ನ ಯಾರು ಕೇಳ್ತಾರೆ?"

ಗಾಲಿಯಕ್ಕ ಕುರ್ಚಿಯನ್ನು ಹಿಂದೆ ಮುಂದೆ ಓಡಿಸಿ ನೋಡಿದಳು. ಸದ್ದು ಬರುತ್ತಿದ್ದದ್ದು ಕಾಲು ಹಲಗೆಯ ಕೀಲಿನಿಂದ. ಅದರಿಂದ ಅಪಾಯವೇನೂ ಇರಲಿಲ್ಲ. ಬ್ರೇಕನ್ನು ಬಿಗಿಮಾಡಿದಳು, ಎರಡು ಸಲ ಪರೀಕ್ಷಿಸಿದಳು, ಎಣ್ಣೆ ಡಬ್ಬಿ ಮುಚ್ಚಿದಳು.

ಸಂಜೆ ಹೊಸ ಬಿಲ್ಲಿನ ಪುಸ್ತಕದ ಮೊದಲ ಹಾಳೆಯಲ್ಲಿ ಒಂದೊಂದು ಕುರ್ಚಿಯ ಕೆಲಸವನ್ನೂ ಬರೆದಳು. ಹದಿಮೂರನೆಯದರ ಮುಂದೆ ಹೀಗೆ ಬರೆದಳು: ಬ್ರೇಕ್ ಸರಿಮಾಡಿದೆ. ಸದ್ದನ್ನು ಅವರ ಇಷ್ಟದಂತೆ ಹಾಗೇ ಬಿಟ್ಟಿದೆ.

ಆಶ್ರಮದ ಲೆಕ್ಕದವನು ಅದನ್ನು ಓದಿ ತಲೆಯೆತ್ತಿದ. "ಇಂಥದ್ದನ್ನೆಲ್ಲ ಬಿಲ್ಲಲ್ಲಿ ಬರೀತಾರಾ ಅಕ್ಕ?"

"ನಾನು ಬರೀತೀನಿ," ಎಂದು ಅವಳು ಕೆಳಗೆ ಸಹಿ ಹಾಕಿದಳು. ಅಷ್ಟರಲ್ಲಿ ವರಾಂಡದಲ್ಲಿ ಕಿರ್ರೆಂಬ ಸದ್ದು ಕೇಳಿಸಿತು. ಲೆಕ್ಕದವನು ಗಡಬಡಿಸಿ ಫೋನನ್ನು ಖಾನೆಗೆ ಹಾಕಿ, ಕಡತ ಎಳೆದುಕೊಂಡು ನೆಟ್ಟಗೆ ಕೂತ.