ಆರನೆಯ ವಿಂಡೋ

"ಒಟ್ಟಿಗೆ ಎಷ್ಟು ವಿಂಡೋ ತೆಗೀತೀಯ ಹೇಳಣ್ಣ, ಆಮೇಲೆ ಮಾಡೆಲ್ ನೋಡೋಣ," ಎಂದಳು ನಾದಿನಿ. ಅವಳು ಕೆಲಸ ಮಾಡುವುದು ಲ್ಯಾಪ್‌ಟಾಪ್ ಅಂಗಡಿಯಲ್ಲಿ. ಅಣ್ಣ ಬಂದನೆಂದು ಗಿರಾಕಿಯೊಬ್ಬರನ್ನು ಪಕ್ಕದ ಕೌಂಟರಿಗೆ ದಾಟಿಸಿ ನಮ್ಮ ಮುಂದೆ ನಿಂತಿದ್ದಳು.

"ಆರು," ಎಂದರು ನನ್ನ ಗಂಡ.

ನಾನು ಅವರ ಮುಖ ನೋಡಿದೆ. ಇವರು ತೆಗೆಯುತ್ತಿದ್ದದ್ದು ಐದು. ಆರನೆಯದು ನನ್ನದು. ಅದೇ ಮೇಜಿನ ಇನ್ನೊಂದು ತುದಿಯಲ್ಲಿ, ನನ್ನ ಪುಟ್ಟ ಲ್ಯಾಪ್‌ಟಾಪಿನಲ್ಲಿ.

ಅದು ಕಂಪ್ಯೂಟರಿನಲ್ಲಿ ಆರು ಜನ ಸೇರಿ ಆಡುವ ಯುದ್ಧದ ಆಟ, ಒಬ್ಬೊಬ್ಬರಿಗೆ ಒಂದೊಂದು ವಿಂಡೋ. ಒಬ್ಬ ಗುರಾಣಿ ಹಿಡಿದು ಮುಂದೆ ನಿಲ್ಲಬೇಕು, ನಾಲ್ವರು ಹೊಡೆಯಬೇಕು, ಒಬ್ಬಳು ಹಿಂದಿನಿಂದ ಎಲ್ಲರ ಗಾಯ ಮಾಯಿಸಬೇಕು. ಆ ವೈದ್ಯೆ ನಾನು. ಮೊದಲು ಇವರ ಗೆಳೆಯರೆಲ್ಲ ಬರುತ್ತಿದ್ದರು. ಶನಿವಾರ ಮಧ್ಯಾಹ್ನವೆಲ್ಲ ಹೆಡ್‌ಫೋನಿನಲ್ಲಿ ಬೈಗುಳ, ನಗು. ಆಮೇಲೆ ಒಬ್ಬನಿಗೆ ಮಗುವಾಯಿತು, ಒಬ್ಬನಿಗೆ ಬೆನ್ನುನೋವು ಬಂತು, ದಪ್ಪಣ್ಣ ಎಂದು ನಾವು ಕರೆಯುತ್ತಿದ್ದವನು ಮುನಿಸಿಕೊಂಡು ಹೋದ, ಉಳಿದವನು ಸುಮ್ಮನೆ ಬರುವುದನ್ನು ನಿಲ್ಲಿಸಿದ. ಬಾಡಿಗೆ ಮನೆ ಖಾಲಿ ಮಾಡುವವರು ಪಕ್ಕದವರಿಗೆ ಹೂಕುಂಡ ಕೊಟ್ಟು ಹೋಗುವ ಹಾಗೆ ಎಲ್ಲರೂ ಇವರಿಗೆ ತಮ್ಮ ತಮ್ಮ ಯೋಧನ ಪಾಸ್‌ವರ್ಡ್ ಕೊಟ್ಟು ಹೋದರು. ಇಲ್ಲಿ ಒಂದು ಕೀ ಒತ್ತಿದರೆ ಐದೂ ವಿಂಡೋಗಳಿಗೆ ತಲುಪುವಂತೆ ಇವರು ಜೋಡಿಸಿಕೊಂಡರು. ಐವರೂ ಒಟ್ಟಿಗೆ ಆಯುಧ ಎತ್ತುತ್ತಿದ್ದರು. ನಗು ನಿಂತಿತು. ಆದರೂ ನಾವಿಬ್ಬರು ಒಂದೇ ಮೇಜಿಗೆ ಕೂರುತ್ತಿದ್ದದ್ದು ಅದೊಂದಕ್ಕೇ. ಉಳಿದಂತೆ ನಮ್ಮ ಮಾತೆಲ್ಲ ಗ್ಯಾಸ್ ಬಂತೇ, ಬಟ್ಟೆ ಒಣಗಿತೇ ಎನ್ನುವಷ್ಟು.

"ಸೇನಾಪತಿನೂ ನೀನೇ, ಸಿಪಾಯಿನೂ ನೀನೇ!" ನಾದಿನಿ ನಕ್ಕಳು. "ಅತ್ತಿಗೆಗೇನು ಬಿಡ್ತೀಯ?"

"ಅವಳದ್ದೂ ಸೇರಿಸಿಯೇ ಆರು."

"ನಂದ್ಯಾಕ್ರೀ?" ಎಂದೆ.

"ಹೋದ ವಾರ ಏನಾಯ್ತು? ಯಾರಿಗೆ ಮೊದ್ಲು ಮದ್ದು ಕೊಡ್ಲಿ ಅಂತ ಎಲ್ಲರ ಮುಖ ನೋಡ್ತಾ ಕೂತೆ. ಎಲ್ರೂ ಸತ್ರು. ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗ್ಲು ಹಾಕೋಳು ನೀನು."

"ಕಲೀತಿದ್ದೀನಲ್ಲ."

"ಬೇಡ ಬಿಡು. ನಿನಗೂ ಕಿರಿಕಿರಿ ತಪ್ಪುತ್ತೆ, ಆರಾಮಾಗಿ ಟಿವಿ ನೋಡು."

ಇದನ್ನು ಅವರು ಒಳ್ಳೆಯ ದನಿಯಲ್ಲೇ ಹೇಳಿದರು. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು.

ನಾದಿನಿ ಎರಡು ಲ್ಯಾಪ್‌ಟಾಪ್ ತಂದಿಟ್ಟಳು. ಒಂದು ಇಟ್ಟಿಗೆಯಂತೆ ದಪ್ಪ, ಫ್ಯಾನಿನ ಗದ್ದಲ. ಆದರೆ ಮೂವತ್ತೆರಡು ಜಿಬಿ ಮೆಮೊರಿ, ಬೇಕೆಂದರೆ ಇನ್ನೂ ಹಾಕಿಸಬಹುದು. ಇನ್ನೊಂದು ತೆಳ್ಳಗೆ, ಗ್ರಾಫಿಕ್ಸ್ ಕಾರ್ಡ್ ಹೊಸದು, ಪರದೆ ಕಣ್ಣು ಕೋರೈಸುವಂತಿತ್ತು.

"ಇದ್ರಲ್ಲಿ ಹದಿನಾರೇ ಜಿಬಿ. ಬೋರ್ಡಿಗೆ ಬೆಸುಗೆ ಹಾಕ್ಬಿಟ್ಟಿದಾರೆ, ಆಮೇಲೆ ಹೆಚ್ಚಿಸೋಕಾಗಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚ್ಬೇಕು, ಹೇಳಿದೀನಿ."

ಇವರು ತೆಳುವಾದದ್ದರಲ್ಲಿ ಆಟ ತೆರೆದರು. ಒಂದೇ ವಿಂಡೋ. ಹುಲ್ಲಿನ ಎಸಳೆಸಳೂ ಬಾಗಿ ಏಳುತ್ತಿತ್ತು. ಇವರ ಬಾಯಿ ಅರ್ಧ ತೆರೆದಿತ್ತು. ಸುಟ್ಟುಹೋದ ನಮ್ಮ ಹಳೆಯ ಯಂತ್ರದಲ್ಲಿ ಚಿತ್ರ ತೊದಲುತ್ತಿತ್ತು, ಹಾಗಾಗಿ ಕೊರತೆಯೆಲ್ಲ ಕಾರ್ಡಿನದೇ ಎಂದು ಇವರು ನಂಬಿದ್ದರು. ವಿಂಡೋ ಹೆಚ್ಚಿದಷ್ಟೂ ಖರ್ಚಾಗುವ ಮೆಮೊರಿ ಅದರಲ್ಲಿ ಧಾರಾಳವಾಗಿತ್ತು. ಧಾರಾಳವಾಗಿದ್ದದ್ದರ ಕಡೆ ಇವರ ಗಮನ ಎಂದೂ ಹೋಗಿರಲಿಲ್ಲ.

"ಐದು ತೆಗ್ದಾಗ ಮೆಮೊರಿ ಎಷ್ಟು ಹೋಗ್ತಿತ್ತೇ? ಪರದೆ ಮೂಲೇಲಿ ಅದನ್ನ ತೋರ್ಸೋ ಗೆರೆ ನೋಡ್ತಾ ಕೂರ್ತಿದ್ದೋಳು ನೀನೇ ಅಲ್ವಾ," ಎಂದರು ನನಗೆ.

ನನಗೆ ಗೊತ್ತಿತ್ತು. ಯಾವುದಾದರೂ ಏರುತ್ತಿದ್ದರೆ ನಾನು ಅದನ್ನೇ ನೋಡುವವಳು. ಹಾಲು, ಜ್ವರ, ಇವರ ಸಿಟ್ಟು. ಐದಕ್ಕೇ ಗೆರೆ ಹದಿನಾರರ ಅಂಚಿಗೆ ಬರುತ್ತಿತ್ತು.

"ಐದಕ್ಕೆ ಹದಿನಾರು ದಾಟ್ತಿರ್ಲಿಲ್ಲ," ಎಂದೆ. ಅದು ಸುಳ್ಳಲ್ಲ.

"ಹಾಗಿದ್ರೆ ಆರಕ್ಕೂ ಆಗುತ್ತೆ. ಇದನ್ನೇ ಕೊಡೇ."

ನಾದಿನಿ ನನ್ನತ್ತ ನೋಡಿದಳು. ನಾನು ದಪ್ಪ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದೆ.

ಮಾರನೆಯ ದಿನ ಮಧ್ಯಾಹ್ನ ಇವರು ಒಂದೊಂದೇ ವಿಂಡೋ ತೆರೆದರು. ಗುರಾಣಿಯವನು ಬಂದ. ಬಿಲ್ಲಿನವನು, ದಪ್ಪಣ್ಣನ ಕೊಡಲಿಯವನು, ಇನ್ನಿಬ್ಬರು. ಆರನೆಯದು ತೆರೆಯುತ್ತಿದ್ದಂತೆ ಎಲ್ಲವೂ ಗರ ಬಡಿದಂತೆ ನಿಂತವು. ಮತ್ತೆ ತೆರೆದರು, ಮತ್ತೆ ನಿಂತವು. ನನ್ನ ಲ್ಯಾಪ್‌ಟಾಪನ್ನು ನಾನು ಮೇಜಿನ ತುದಿಯಲ್ಲಿ ಚಾರ್ಜಿಗೆ ಹಾಕಿ ಇಟ್ಟಿದ್ದೆ.

"ಐದೇ ಇರ್ಲಿ ರೀ," ಎಂದೆ. "ವೈದ್ಯೆನ ನಾನು ಇಲ್ಲಿಂದ ನೋಡ್ಕೋತೀನಿ. ಈ ಸಲ ನಿಮಗೇ ಮೊದ್ಲು ಕೊಡ್ತೀನಿ, ಬೇರೆ ಯಾರನ್ನೂ ನೋಡಲ್ಲ."

"ತಡಿ, ತಡಿ."

ಸೆಟ್ಟಿಂಗ್ಸ್ ತೆರೆದು ಇವರು ಚಿತ್ರದ ಗುಣಮಟ್ಟವನ್ನು ಒಂದೊಂದೇ ಮೆಟ್ಟಿಲು ಇಳಿಸಿದರು. ಹುಲ್ಲು ಮಾಯವಾಯಿತು. ಮರಗಳ ಎಲೆ ಹೋಗಿ ಕಂಬಗಳು ಉಳಿದವು. ಹೊಳೆಯ ನೀರು ಬಣ್ಣ ಬಳಿದ ಗೋಡೆಯಂತಾಯಿತು. ಇನ್ನೂ ಇಳಿಸಿದರು. ಮುಖಗಳಿಂದ ಕಣ್ಣು, ಮೂಗು ಅಳಿಸಿಹೋದವು. ಆರು ಪುಟ್ಟ ಚೌಕಗಳಲ್ಲಿ ಆರು ಬೂದು ಮುದ್ದೆಗಳು ನಿಂತವು.

"ನೋಡು, ಓಡ್ತು!"

"ಏನೂ ಕಾಣಿಸ್ತಾನೇ ಇಲ್ವಲ್ರೀ."

"ಕಾಣೋಕೇನಿದೆ ಅದ್ರಲ್ಲಿ? ಕೆಲಸ ಆಗುತ್ತಲ್ಲ, ಸಾಕು."

ಅವರು ಕೀ ಒತ್ತಿದರು. ಆರೂ ಮುದ್ದೆಗಳು ಒಟ್ಟಿಗೆ ನಡೆದವು. ಗುರಾಣಿಯವನಿಗೆ ಏಟು ಬಿದ್ದ ಕ್ಷಣವೇ ಕೊನೆಯ ಚೌಕದಲ್ಲಿದ್ದವಳು ಕೈ ಎತ್ತಿದಳು. ಮತ್ತೆ ಏಟು, ಮತ್ತೆ ಕೈ. ಒಮ್ಮೆಯೂ ತಡಮಾಡಲಿಲ್ಲ.

"ಆ ಲ್ಯಾಪ್‌ಟಾಪ್ ತೆಗಿಯೇ," ಎಂದರು ಪರದೆಯಿಂದ ಕಣ್ಣು ಕೀಳದೆ. "ಮೌಸಿಗೆ ಜಾಗ ಸಾಲ್ತಿಲ್ಲ."

ಚಾರ್ಜರ್ ಕಿತ್ತು ವೈರು ಸುತ್ತಿಕೊಂಡೆ. ಕುರ್ಚಿ ಸರಿಸುವಾಗ ಬೇಕೆಂದೇ ಸದ್ದು ಮಾಡಿದೆ. ಇವರು ತಿರುಗಲಿಲ್ಲ, ಆರು ಜನರ ಮೇಲೆ ಕಣ್ಣಿಡಬೇಕಿತ್ತು.