ಮಡಚದ ಕಾಲು

ಮೊದಲೇ ಕ್ಷಮೆ ಕೇಳುತ್ತೇನೆ. ಮಣ್ಣು ಕೊಡುವ ದಿನ ಮನೆಯವರು ಆಡಿದ ಮಾತನ್ನು ಹೊರಗೆ ಹೇಳಬಾರದು ಎಂಬುದು ಗೊತ್ತು. ಆದರೆ ಶಲವಡಿಯ ಈರಬಸಪ್ಪನ ವಿಷಯದಲ್ಲಿ ಉಳಿದಿರುವುದು ಅಷ್ಟೇ.

ಸತ್ತ ತಮ್ಮನ ಎಡ ಮೊಣಕಾಲನ್ನು ಶಂಕ್ರಪ್ಪ ಎರಡೂ ಕೈಯಿಂದ ಒತ್ತುತ್ತಿದ್ದ. ಬಲಗಾಲು ಮಡಚಿತ್ತು. ಎಡಗಾಲು ಗಾಡಿಯ ಮೂಕಿಯಂತೆ ಮುಂದಕ್ಕೆ ಚಾಚಿಕೊಂಡೇ ಇತ್ತು. ಈರಬಸಪ್ಪನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಎದೆಗೆ ಶಲ್ಯ ಬಿಗಿದಿದ್ದರು. ಆ ಮನೆತನದಲ್ಲಿ ಸತ್ತವರೆಲ್ಲ ಪದ್ಮಾಸನದಲ್ಲಿ ಕುಳಿತೇ ಮಣ್ಣಿಗೆ ಹೋದವರು.

"ಜೀವ ಇದ್ದಾಗ ಒಂದ ಕಡೆ ಕುಂದ್ರು ಅಂದ್ರ ಕುಂದರಲಿಲ್ಲ," ಶಂಕ್ರಪ್ಪ ಬೆವರು ಒರೆಸಿಕೊಂಡ. "ಈಗರ ಕುಂದರಬಾರದೇನಪಾ ಪುಣ್ಯಾತ್ಮ."

"ಹತ್ತ ವರ್ಷದಿಂದ ಮಡಚದ ಕಾಲು. ನೀ ಒತ್ತಿದ್ರ ಮಡಚತೈತೇನು?" ಅಂದಳು ಬಾಗಿಲ ಬಾಜು ಕುಳಿತಿದ್ದ ಅಕ್ಕ ಕಸ್ತೂರೆವ್ವ.

ಓಣಿಯಲ್ಲಿ ಯಾರು ಸತ್ತರೂ ಮುಂದೆ ನಿಂತು ನಡೆಸುವವನು ಮಡಿವಾಳೆಪ್ಪ. ಅವನಿಗೂ ಸಾಕಾಗಿತ್ತು. "ಸಂದು ಬಿಡಿಸಿದ್ರ ಮಡಚತೈತ್ರಿ. ಒನಕಿ ತರ್ರಿ. ಒಂದ ಏಟು."

ಕಸ್ತೂರೆವ್ವ ಎದ್ದು ಬಂದು ಆ ಮೊಣಕಾಲ ಮೇಲೆ ತನ್ನ ಕೈ ಇಟ್ಟಳು. "ಮೊದಲ ಇದರ ಮ್ಯಾಲೆ ಹೊಡಿ."

"ಹಂಗಾರ ಮಲಗಿಸಿ ಒಯ್ಯೂಣೇನು?" ಶಂಕ್ರಪ್ಪನ ದನಿ ಏರಿತು. "ತಮ್ಮಗ ಸಮಾಧಿ ಸೈತ ನೆಟ್ಟಗ ಮಾಡಲಿಲ್ಲ ಅಂತ ಮಂದಿ ನನಗ ಉಗಳತಾರ, ನಿನಗಲ್ಲ."

*

ಅಣ್ಣಿಗೇರಿಯಲ್ಲಿ ಡೇರೆ ಹಾಕಿದ್ದ ಸರ್ಕಸ್ ಕಂಪನಿಯ ಬೆನ್ನು ಹತ್ತಿ ಹೋದಾಗ ಈರಬಸಪ್ಪನಿಗೆ ಹದಿನೇಳು ವರ್ಷ. ಕಂಪನಿ ಹಡಗು ಹತ್ತಿ ಆಫ್ರಿಕಾದ ಮೊಂಬಾಸಾಕ್ಕೆ ಹೋಯಿತು. ತಿರುಗಿ ಬಂದಾಗ ಅದರಲ್ಲಿ ಅವನಿರಲಿಲ್ಲ. ಎಷ್ಟೋ ವರ್ಷದ ಮೇಲೆ, ಸಾವಿರದ ಒಂಬೈನೂರ ಎಪ್ಪತ್ತರ ಬೇಸಿಗೆಯಲ್ಲಿ, ಕೋಲೂರಿಕೊಂಡು ಮನೆಗೆ ಬಂದ.

"ಅಲ್ಲೇನ ಮಾಡಿದಿ ಇಷ್ಟ ದಿನ?" ರೊಟ್ಟಿ ಬಡಿಯುತ್ತ ಕಸ್ತೂರೆವ್ವ ಕೇಳಿದಳು.

"ಹುಡುಗೂರಿಗೆ ಕಲಿಸಿದ್ನಿ. ಬಂದರದಾಗ ಚೀಲ ಹೊರವರ ಹುಡುಗೂರು. ಹಗ್ಗದ ಮ್ಯಾಲೆ ನಡಿಯೂದು, ಒಬ್ಬರ ಹೆಗಲ ಮ್ಯಾಲೊಬ್ಬರು ನಿಲ್ಲೂದು."

"ಕಲ್ತು ಕಲೆಕ್ಟರ್ ಆದ್ರೇನು?" ಅಂದ ಶಂಕ್ರಪ್ಪ.

"ಬೀಳೂದ ಕಲ್ತರು. ಮೊದಲ ಅದನ್ನ ಕಲಿಸಬೇಕಾಗತೈತಿ."

"ನೀ ಮಾತ್ರ ಕಲೀಲಿಲ್ಲ."

ಈರಬಸಪ್ಪ ನಕ್ಕ. ಹಗ್ಗದಿಂದ ಒಂದು ಹುಡುಗಿ ಜಾರಿದಳಂತೆ, ಇವನು ಕೆಳಗೆ ಹೋಗಿ ಅಡ್ಡ ನಿಂತನಂತೆ, ಅವಳು ಇವನ ಎಡ ಮೊಣಕಾಲ ಮೇಲೆ ಬಿದ್ದಳಂತೆ. ಅವಳಿಗೆ ಏನೂ ಆಗಲಿಲ್ಲ, ಮರುದಿನ ಮತ್ತೆ ಹತ್ತಿದಳು ಎಂದ. ಕುಡಿದು ರೈಲಿನಿಂದ ಬಿದ್ದಿರಬೇಕು ಎಂದು ಶಂಕ್ರಪ್ಪ ಊರೆಲ್ಲ ಹೇಳಿಕೊಂಡು ಬಂದ.

ಆ ದೀಪಾವಳಿಗೆ ಈರಬಸಪ್ಪ ಕಣದಲ್ಲಿ ಎರಡು ಬೇವಿನ ಮರದ ನಡುವೆ ಮೊಣಕಾಲೆತ್ತರಕ್ಕೆ ಹಗ್ಗ ಬಿಗಿದ. ಓಣಿಯ ಮಕ್ಕಳು ಬಂದು ಸಾಲಾಗಿ ನಿಂತರು. ಶಂಕ್ರಪ್ಪ ಕುಡುಗೋಲಿನಿಂದ ಹಗ್ಗ ಕೊಯ್ದ.

"ಕಂಡವರ ಮಕ್ಕಳಿಗೆ ಕಲಿಸಿದ್ದ ಸಾಕು. ಇಲ್ಲಿ ಯಾವದರ ಕೂಸು ಕೈ ಮುರಕೊಂಡ್ರ ಅವರಪ್ಪ ನನ್ನ ಬಾಗಲಕ್ಕ ಬರ್ತಾನ."

ಈರಬಸಪ್ಪ ಎರಡೂ ತುಂಡುಗಳನ್ನು ಸುತ್ತಿ ಒಳಗಿಟ್ಟ. ಮತ್ತೆ ಆ ಮಾತು ತೆಗೆಯಲಿಲ್ಲ.

*

ಹೊಲದಲ್ಲಿ ಕುಣಿ ತೋಡುತ್ತಿದ್ದ ಮೀರಾಸಾಬ ಇನ್ನೂ ಯಾಕೆ ತಡ ಎಂದು ನೋಡಲು ಬಂದ. ಅಂಗಳದಲ್ಲಿ ನಿಂತೇ ಜಗಳ ಕೇಳಿದ.

"ಕಾಲಿನ ಗೊಡವಿ ಬಿಡ್ರಿ ಧಣ್ಯಾರ. ಕುಣಿ ದೊಡ್ಡದ ಮಾಡೂಣು. ಕಾಲಿನಷ್ಟ ಮುಂದಕ ಕೊರದ್ರ ಆತು."

"ಹಿಂಗ ಎಲ್ಲೆರ ಐತೇನು?" ಮಡಿವಾಳೆಪ್ಪ ಮಂತ್ರ ಹೇಳಲು ಬಂದಿದ್ದ ಅಯ್ಯನವರ ಕಡೆ ನೋಡಿದ.

ಅಯ್ಯನವರು ಮುಂಜಾನೆಯಿಂದ ನೀರೂ ಕುಡಿದಿರಲಿಲ್ಲ. "ಕೈಯಾಗ ಲಿಂಗ ಇದ್ರ ಆತೋ ಮಾರಾಯಾ, ಕಾಲು ಎಲ್ಲೆರ ಇರಲಿ. ಹೊತ್ತು ಮುಣಗೂಕಿಂತ ಮೊದಲ ಎತ್ತರಿ."

ಕೂರಿಸಿ ಒಯ್ಯುವ ಬಿದಿರಿನ ವಿಮಾನದಿಂದ ಆ ಕಾಲು ಹೊರಗೆ ಚಾಚಿತ್ತು. ಓಣಿಯ ತಿರುವಿನಲ್ಲೆಲ್ಲ ಅದು ಮುಂದೆ ಹೆಗಲು ಕೊಟ್ಟಿದ್ದ ಮಡಿವಾಳೆಪ್ಪನ ಕಿವಿಗೆ ತಾಗುತ್ತಿತ್ತು.

"ಒನಕಿ ತಾ ಅಂದಿದ್ದಕ್ಕ ಒದೀತಾನ ನೋಡ್ರಿ," ಅಂದ ಅವನು. ಹಿಂದೆ ಯಾರೋ ನಕ್ಕು ಕೆಮ್ಮಿದರು.

ಕುಣಿಯೊಳಗೆ ಇಳಿದು ದೇಹ ಹಿಡಿದುಕೊಳ್ಳುವುದು ಅಣ್ಣನ ಕೆಲಸ. ಮೇಲಿನಿಂದ ಇಳಿಬಿಟ್ಟ ಭಾರವೆಲ್ಲ ಶಂಕ್ರಪ್ಪನ ಎದೆಯ ಮೇಲೆ ಬಂತು. ಅವನು ಹೇಗೋ ತಡೆದು ಕೂರಿಸಿದ. ಆದರೆ ಮೀರಾಸಾಬ ಕೊರೆದ ಜಾಗ ನಾಲ್ಕು ಬೆರಳು ಕಡಿಮೆ ಬಿದ್ದಿತ್ತು. ಹಿಮ್ಮಡಿ ಮಣ್ಣಿಗೆ ಸಿಕ್ಕಿ ನಿಂತಿತು.

"ನೂಕಿಬಿಡು," ಅಂದ ಮಡಿವಾಳೆಪ್ಪ.

ಶಂಕ್ರಪ್ಪ ನೂಕಲಿಲ್ಲ. ಸಲಿಕೆ ಆಡಿಸಲು ಇಂಬಿರಲಿಲ್ಲ. ಒಣಗಿದ ಎರೆಮಣ್ಣನ್ನು ಉಗುರಿನಿಂದ ಕೆರೆಯತೊಡಗಿದ. "ತಡಿಯೋ, ತಡಿ," ಅನ್ನುತ್ತಿದ್ದ. ಬೆರಳು ಸುಲಿದವು. ಕೊನೆಗೆ ಹಿಮ್ಮಡಿ ಒಳಗೆ ಕುಳಿತಿತು.

ಅವನು ತಲೆ ಎತ್ತಿದ. "ಅಕ್ಕಾ, ಆ ಹುಡುಗಿ ಹೆಸರ ಏನಂದಿದ್ದ?"

"ಹೇಳಿರಲಿಲ್ಲ," ಅಂದಳು ಕುಣಿಯ ಅಂಚಿನಲ್ಲಿ ನಿಂತಿದ್ದ ಕಸ್ತೂರೆವ್ವ. "ನಾವ್ಯಾರೂ ಕೇಳಲಿಲ್ಲ."

ಅಯ್ಯನವರು ಮೇಲೆ ಬಾ ಎಂದು ಎರಡು ಸಲ ಕರೆದರು. ಶಂಕ್ರಪ್ಪ ಬರಲಿಲ್ಲ. ಮೊದಲ ಹಿಡಿ ಮಣ್ಣು, ಬಿಲ್ವಪತ್ರಿ ಅವನ ತಲೆಯ ಮೇಲೂ ಬಿದ್ದವು. ಆಗಲೂ ತಮ್ಮನ ಅಂಗಾಲನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದ.

ಆ ಹುಡುಗಿ ನಿಜವಾಗಿ ಇದ್ದಳೋ ಇಲ್ಲವೋ, ಇದ್ದರೆ ಈಗ ಎಲ್ಲಿದ್ದಾಳೋ, ನನಗೆ ಗೊತ್ತಿಲ್ಲ.