ಬೈಗುಳವಿಲ್ಲದ ಜೋಗುಳ

ನನ್ನಂಥ ಸಂಗೀತ ಸಂಯೋಜಕ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ನನ್ನ ಕಂಪ್ಯೂಟರ್ ಹೇಳುತ್ತದೆ. ಬೇರೆ ಯಾರೂ ಹೇಳದ ಕಾರಣ ಅದರ ಮಾತನ್ನೇ ನಂಬಿಕೊಂಡು ಬಂದಿದ್ದೇನೆ. ಹಳೆಯ ಯಂತ್ರ. ಅದರ ಫ್ಯಾನ್ ತಿರುಗಲು ಶುರುವಾದರೆ ಎದುರು ಮನೆಯ ಕಿಟಕಿಯ ಪರದೆ ಹಾರುತ್ತದೆ. ಆದರೂ ಅದರ ಹೊಟ್ಟೆಯೊಳಗೆ ನೂರು ಪಿಟೀಲು, ಐವತ್ತು ಕೊಳಲು, ಗುಡುಗನ್ನು ನಾಚಿಸುವ ನಗಾರಿಗಳನ್ನು ಸಾಕಿದ್ದೇನೆ. ಯಾರಿಗೂ ಊಟ ಹಾಕಬೇಕಿಲ್ಲ, ಯಾರೂ ತಡವಾಗಿ ಬಂದು ಬಸ್ಸಿನ ಮೇಲೆ ತಪ್ಪು ಹೊರಿಸುವುದಿಲ್ಲ. ನಾನು ಮಾಡಿದ ಹಾಡುಗಳನ್ನೆಲ್ಲ ಒಂದರ ಹಿಂದೊಂದು ಕೇಳುತ್ತ ಕೂತರೆ ಕೇಳುವವನ ಮೀಸೆ ನೆರೆತುಹೋಗುತ್ತದೆ. ಪೂರ್ತಿ ಕೇಳಿದವರು ಯಾರೂ ಇಲ್ಲವಾದ್ದರಿಂದ ಇದು ಸುಳ್ಳೆಂದು ಯಾರೂ ಸಾಧಿಸಲಾರರು.

ಹೊಟ್ಟೆಪಾಡಿಗೆ ತಕ್ಕಡಿ ರಿಪೇರಿ ಮಾಡುತ್ತೇನೆ. ಅಂಗಡಿಗಳ ಎಲೆಕ್ಟ್ರಾನಿಕ್ ತಕ್ಕಡಿಗಳು ದೂಳು ಕೂತು, ಮೇಲೆ ಏನೂ ಇಡದಿದ್ದರೂ ಒಂದಿಷ್ಟು ತೂಕ ತೋರಿಸಲು ಶುರು ಮಾಡಿದಾಗ ನನ್ನನ್ನು ಕರೆಯುತ್ತಾರೆ. ನಾನು ಹೋಗಿ ಬಿಚ್ಚಿ, ಉಜ್ಜಿ, ಸೊನ್ನೆಗೆ ತರುತ್ತೇನೆ. ನನ್ನ ಕೈ ತಾಗಿದ ತಕ್ಕಡಿಯ ಮೇಲೆ ನೊಣ ಕೂತರೆ ಅದು ಊಟ ಮಾಡಿದೆಯೋ ಇಲ್ಲವೋ ಗೊತ್ತಾಗುತ್ತದೆ. ಸಂಗೀತದಲ್ಲೂ ನನ್ನ ಕ್ರಮ ಅದೇ. ಮೊದಲು ಸೊನ್ನೆ, ಆಮೇಲೆ ಸ್ವರ. ರೆಕಾರ್ಡ್ ಮಾಡುವ ಮುಂಚೆ ಖಾಲಿ ಕೋಣೆಯ ಸದ್ದನ್ನು ಯಂತ್ರಕ್ಕೆ ಸ್ವಲ್ಪ ಕೇಳಿಸುತ್ತೇನೆ. ಅದು ಆ ಸದ್ದಿನ ಗುರುತು ಹಿಡಿದುಕೊಂಡು, ಮುಂದೆ ಎಲ್ಲೆಲ್ಲಿ ಸಿಕ್ಕರೂ ಗುಡಿಸಿ ಆಚೆ ಹಾಕುತ್ತದೆ.

ನನ್ನ ಏಕೈಕ ಅಭಿಮಾನಿ ಅಕ್ಕ. ಅಭಿಮಾನಿ ಎಂದರೆ, ಅರ್ಧದಲ್ಲಿ ಎದ್ದು ಹೋಗದವಳು ಎಂದರ್ಥ. ಅವಳದು ಇಸ್ತ್ರಿ ಅಂಗಡಿ. ಕೌಂಟರಿನಿಂದ "ನೀಲಿ ಶರ್ಟು ಯಾರದ್ರೀ?" ಎಂದು ಅವಳು ಕೂಗಿದರೆ ಮೂರು ಬೀದಿ ಆಚೆ ನೀಲಿ ಶರ್ಟು ತೊಟ್ಟವರೆಲ್ಲ ಗಾಬರಿಯಾಗಿ ನಿಂತುಬಿಡುತ್ತಿದ್ದರು. ಅಮ್ಮ ಬೇಗ ಹೋದದ್ದರಿಂದ ಚಿಕ್ಕಂದಿನಲ್ಲಿ ನನ್ನನ್ನು ಮಲಗಿಸಿದವಳೂ ಇವಳೇ. ಅವಳ ಜೋಗುಳದಲ್ಲಿ ರಾಗ ಕಾಲು ಭಾಗ, ಬೈಗುಳ ಮುಕ್ಕಾಲು ಭಾಗ. "ಜೋ ಜೋ... ಕಣ್ಣು ಮುಚ್ಚೋ ಕತ್ತೆ... ಜೋ ಜೋ... ಕಾಲು ಅಲ್ಲಾಡಿಸು, ಮುರಿದು ಕೈಗೆ ಕೊಡ್ತೀನಿ... ಜೋ..." ಮುಂದೆ ಅವಳ ಮಗಳೂ ಇದನ್ನೇ ಕೇಳಿ ನಿದ್ದೆ ಮಾಡಿ ಬೆಳೆದಳು.

ಆ ಗಂಟಲಲ್ಲಿ ಗಂಟು ಬಂತು. ದನಿಯ ಪೆಟ್ಟಿಗೆಯನ್ನೇ ತೆಗೆಯಬೇಕು, ಜೀವಕ್ಕೆ ಭಯವಿಲ್ಲ, ಆದರೆ ಮಾತು ಇರುವುದಿಲ್ಲ ಎಂದರು ಡಾಕ್ಟರು. ಮಗಳು ಆಗ ತುಂಬು ಬಸುರಿ.

ಆಸ್ಪತ್ರೆ ಸೇರುವ ಹಿಂದಿನ ಮಧ್ಯಾಹ್ನ ಅಕ್ಕ ಅಂಗಡಿ ಮುಚ್ಚಿ ನೇರ ನನ್ನ ಕೋಣೆಗೆ ಬಂದಳು.

"ಲೋ ಸಾಮ್ರಾಟ, ನಿನ್ನ ಡಬ್ಬ ಕೆಲಸಕ್ಕೆ ಬರೋ ದಿನ ಬಂತು. ಹುಟ್ಟೋ ಮಗು ಅಜ್ಜಿ ದನಿ ಕೇಳ್ಬೇಕಲ್ಲ. ಜೋಗುಳ ಹಾಡ್ತೀನಿ, ತುಂಬ್ಕೋ."

"ಅಕ್ಕ, ಮೈಕು ಕಂಡುಹಿಡಿದ ದಿನದಿಂದ ಇಂಥ ರೆಕಾರ್ಡಿಂಗ್ ಆಗಿರಬಾರದು, ಹಂಗೆ ಮಾಡ್ತೀನಿ," ಎಂದೆ.

"ಅಷ್ಟೆಲ್ಲ ಬೇಡಪ್ಪ. ನನ್ನ ಥರ ಇದ್ರೆ ಸಾಕು."

ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹೊರಗಿನ ಸದ್ದು ನುಗ್ಗದಿರಲೆಂದು ಬೀರುವಿನ ಬಟ್ಟೆ ತೆಗೆದು, ಕಂಬಳಿ ಹೊದಿಸಿ, ಒಳಗೆ ಸ್ಟೂಲ್ ಇಟ್ಟು ಅಕ್ಕನನ್ನು ಕೂರಿಸಿದೆ.

"ಜೀವಮಾನವೆಲ್ಲ ಬಟ್ಟೆ ಮಡಚಿ ಬೀರುಗೆ ಕಳಿಸ್ದೆ. ಈಗ ನನ್ನನ್ನೇ ಮಡಚಿ ಇಟ್ಯಲ್ಲೋ!" ಎಂದಳು. ಉಸಿರು ಬಡಿಯದಿರಲೆಂದು ಮೈಕಿಗೆ ನಾನು ತೊಡಿಸಿದ್ದ ಕಾಲುಚೀಲವನ್ನು ನೋಡಿ ಮೂಗು ಮುಚ್ಚಿಕೊಂಡಳು. "ಇದು ಒಗೆದಿದ್ದೋ, ಅಥವಾ ಹಂಗೇನೋ?"

ನನ್ನ ಪದ್ಧತಿಯಲ್ಲಿ, ಹಾಡು ಶುರುವಾಗುವ ಮುಂಚೆ ಯಂತ್ರ ನಾಲ್ಕು ಸಲ ಟಿಕ್ ಎನ್ನುತ್ತದೆ. ಆ ನಾಲ್ಕು ಮುಗಿಯುವವರೆಗೆ ಹಾಡುವವರು ಬಾಯಿ ಬಿಗಿಹಿಡಿಯಬೇಕು. ಅಕ್ಕ ಬಾಯಿ ಬಿಗಿಹಿಡಿದದ್ದನ್ನು ಅವಳ ಗಂಡನೂ ಕಂಡವನಲ್ಲ. ಪ್ರತಿ ಸಲವೂ ಟಿಕ್ ಶಬ್ದದ ಮೇಲೆ ಏನಾದರೂ ಅಂದಳು, ನಕ್ಕಳು, ಕೆಮ್ಮಿದಳು. ಹಾಡಿನ ಮಧ್ಯೆ ಅಭ್ಯಾಸಬಲದಿಂದ ಬೈದಳು. ಒಮ್ಮೆ ಹಾಡು ನಿಲ್ಲಿಸಿ, "ಒಲೆ ಆರಿಸಿದ್ಯೇನೋ?" ಎಂದು ಕೇಳಿದಳು. ಅವಳು ಹೀಗೆ ಕೆಡಿಸಿದ್ದನ್ನೆಲ್ಲ ನಾನು ಅಲ್ಲಲ್ಲೇ ಅಳಿಸಿದೆ. ಕೆಟ್ಟ ತೂಕದ ಬಟ್ಟನ್ನು ಅಂಗಡಿಯಲ್ಲಿ ಬಿಟ್ಟು ಬರಬಾರದು, ಅದು ನನ್ನ ಕಸುಬಿನ ಶಿಸ್ತು.

"ಅಕ್ಕ, ಬೈಬೇಡ. ಬರೀ ಹಾಡು."

"ಬೈದೇ ಇದ್ರೆ ಮಗು ಹೇಗೋ ಮಲಗುತ್ತೆ?"

"ಮಲಗುತ್ತೆ. ನಾನು ಪಿಟೀಲು ಹಾಕ್ತೀನಿ."

ಅವಳ ಗಂಟಲು ಸೋಲುತ್ತಿತ್ತು. ಕೊನೆಗೆ ಒಂದು ಸಲ, ಟಿಕ್ ಶಬ್ದದ ಮೇಲೆ ಎಂದಿನಂತೆ ಏನೋ ಅಂದರೂ, ಹಾಡನ್ನು ಮಾತ್ರ ಒಂದೇ ಒಂದು ಬೈಗುಳವಿಲ್ಲದೆ ಮುಗಿಸಿದಳು. ಬೀರುವಿನಿಂದ ಇಳಿಯುತ್ತ, "ಆಯ್ತಾ? ನಿಂಗೆ ಸಮಾಧಾನ ಆಯ್ತಾ?" ಎಂದು ಪಿಸುಗುಟ್ಟಿದಳು. ಆ ಪಿಸುಮಾತು ಕೂಡ ಯಂತ್ರದಲ್ಲಿ ಸೇರಲಿಲ್ಲ. ಅಷ್ಟರಲ್ಲಿ ನಾನು ಗುಂಡಿ ಒತ್ತಿ ನಿಲ್ಲಿಸಿಯಾಗಿತ್ತು.

ಅಕ್ಕ ಆಸ್ಪತ್ರೆಯಲ್ಲಿದ್ದಷ್ಟು ದಿನ ನಾನು ಆ ಹಾಡನ್ನು ತೊಳೆದೆ. ಶುರುವಿನ ಟಿಕ್ ಟಿಕ್ ಭಾಗ ಕತ್ತರಿಸಿದೆ, ಕೋಣೆಯ ಸದ್ದು ತೆಗೆದೆ, ಉಸಿರು ತೆಗೆದೆ, ತುಟಿ ಅಂಟಿ ಬಿಡುವ ಸದ್ದು ತೆಗೆದೆ. ವಾಲಿದ ಸ್ವರಗಳನ್ನು ಒಂದೊಂದಾಗಿ ಎತ್ತಿ ನೆಟ್ಟಗೆ ನಿಲ್ಲಿಸಿದೆ. ಹಿಂದೆ ನನ್ನ ನೂರು ಪಿಟೀಲುಗಳನ್ನೂ ಎಬ್ಬಿಸಿದೆ. ಕೇಳಿ ನಾನೇ ಅತ್ತೆ. ನನ್ನ ಪ್ರತಿಭೆಗೆ ಅತ್ತೆ ಎಂದು ಈಗ ಅನಿಸುತ್ತದೆ.

ಅಕ್ಕ ಮನೆಗೆ ಬಂದಳು, ಕತ್ತಿಗೆ ಬಿಳಿ ಬಟ್ಟೆ ಸುತ್ತಿಕೊಂಡು. ಆಮೇಲೆ ಮಗು ಬಂತು, ಅಜ್ಜಿಯ ದನಿಯನ್ನು ಪೂರ್ತಿ ತಾನೇ ಎತ್ತಿಕೊಂಡು ಬಂದಂತೆ ಕಿರುಚುತ್ತ. ನಾನು ಸ್ಪೀಕರುಗಳನ್ನು ಹೊತ್ತುಕೊಂಡು ಹೋಗಿ ತೊಟ್ಟಿಲ ಪಕ್ಕ ಇಟ್ಟು, ಮಹಾರಾಜರ ಎದುರು ನಿಂತವನಂತೆ ಗುಂಡಿ ಒತ್ತಿದೆ.

ಹಾಡು ಮುಗಿಯಿತು. ಮಗು ಅಳುತ್ತಲೇ ಇತ್ತು. ಅಕ್ಕನ ಮಗಳು ನನ್ನ ಮುಖ ನೋಡಿದಳು.

"ಮಾವ, ಯಾರಿದು?"

"ಯಾರು ಅಂದ್ರೆ? ನಿಮ್ಮಮ್ಮ!"

"ಅಮ್ಮ ಇಷ್ಟು ಹೊತ್ತು ಯಾರನ್ನೂ ಬೈದೇ ಇರ್ತಾಳಾ? ಇದು ಯಾರೋ ಒಳ್ಳೆ ಹೆಂಗಸು, ಮಾವ. ನಂಗೆ ಅಮ್ಮ ಬೇಕು. ಬೈದಿದ್ದೆಲ್ಲ ಎಲ್ಲಿ?"

ಅಕ್ಕ ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು. ಅವಳು ನನ್ನ ಕಡೆ ನೋಡಲಿಲ್ಲ. ಮಗುವಿನ ಬಟ್ಟೆಯೊಂದನ್ನು ಮಡಿಲಲ್ಲಿಟ್ಟುಕೊಂಡು, ಸುಕ್ಕೇ ಇಲ್ಲದ ಕಡೆ ಅಂಗೈಯಿಂದ ಒತ್ತಿ ಒತ್ತಿ ಸವರುತ್ತಿದ್ದಳು.

ಹುಡುಕದ ಜಾಗವಿಲ್ಲ. ಅಕ್ಕ ಮೊಬೈಲಿಗೆ ಮಾತು ತುಂಬಿ ಕಳಿಸುವವಳಲ್ಲ. ಅವಳ ಗಂಟಲಿಗೆ ಮೊಬೈಲಿನ ಅಗತ್ಯವೇ ಇರಲಿಲ್ಲ. ಮಗಳ ಮದುವೆಯ ವಿಡಿಯೋದಲ್ಲಿ ಅವಳ ಬಾಯಿ ಒಂದು ಕ್ಷಣವೂ ಸುಮ್ಮನಿಲ್ಲ, ಆದರೆ ಆ ವಿಡಿಯೋಗೆ ಸಂಗೀತ ಕೊಟ್ಟವನು ನಾನು. ಜನರ ಗಲಾಟೆಯನ್ನೆಲ್ಲ ತೆಗೆದು, ಮೊದಲಿಂದ ಕೊನೆಯವರೆಗೆ ಕೊಳಲು ಹಾಕಿದ್ದೆ. ಅಕ್ಕ ಅದರಲ್ಲಿ ಕೊಳಲಿನ ದನಿಯಲ್ಲಿ ಅಡುಗೆಯವರಿಗೆ ಜೋರು ಮಾಡುತ್ತಾಳೆ.

ಮತ್ತೆ ಕಂಪ್ಯೂಟರ್ ಮುಂದೆ ಕೂತೆ. ಜೋಗುಳದ ಕಡತ ತೆರೆದೆ. ಈ ತಂತ್ರಾಂಶದಲ್ಲಿ ಹಾಡಿನ ಅಂಚನ್ನು ಕತ್ತರಿಸಿದರೆ ಆ ತುಂಡು ಹೋಗಿಬಿಡುವುದಿಲ್ಲ, ಮಡಚಿದ ಬಟ್ಟೆಯ ಒಳಮಗ್ಗುಲಿನಂತೆ ಅಡಗಿರುತ್ತದೆ. ಅಂಚು ಹಿಡಿದು ಎಡಕ್ಕೆ ಎಳೆದೆ. ತೊಳೆಯದ ಒಂದು ತುಣುಕು ಬಿಚ್ಚಿಕೊಂಡಿತು. ಟಿಕ್, ಟಿಕ್. ಅದರ ಮೇಲೆ ಅಕ್ಕ:

"ಏನೋ ಅದು, ಟಿಕ್ ಟಿಕ್ ಅಂತ? ಹಲ್ಲಿ ಸಾಕಿದ್ದೀಯೇನೋ, ಕತ್ತೆ?"

ಆಮೇಲೆ ನಗು. ಇಸ್ತ್ರಿ ಪೆಟ್ಟಿಗೆಯ ಮೇಲೆ ನೀರು ಚಿಮುಕಿಸಿದಂತೆ ಚುಸ್ಸೆಂದು ಎದ್ದು, ಇನ್ನೇನು ಬೀರುವಿನ ಬಾಗಿಲು ಮುರಿಯಬೇಕು ಎನ್ನುವಷ್ಟರಲ್ಲಿ, ನಗುವಿನ ನಡುನೆತ್ತಿಯ ಮೇಲೆ ನನ್ನ ದನಿ: "ಶ್!"

ಅಷ್ಟೇ. ಆಮೇಲೆ ಅಕ್ಕ ಸುಮ್ಮನಾಗಿ, ವಿಧೇಯಳಾಗಿ ಹಾಡುತ್ತಾಳೆ.

ಆ "ಶ್" ತೆಗೆಯಲು ನಾನು ಹಾಕದ ಪಟ್ಟುಗಳಿಲ್ಲ. ಸಮುದ್ರದಿಂದ ಉಪ್ಪನ್ನು ಬೇರೆ ಮಾಡಬಲ್ಲೆ ಎಂದು ಕೊಚ್ಚಿಕೊಳ್ಳುವವನು ನಾನು. ಆದರೆ "ಶ್" ಎಳೆದರೆ ಅದರ ಜೊತೆಗೆ ನಗುವೂ ಕಿತ್ತು ಬರುತ್ತದೆ. ಯಂತ್ರಕ್ಕೆ ಎರಡೂ ಒಂದೇ ಗಾಳಿ. ನಗುವಿಗೆ ಏಟಾಗದಂತೆ ಒಂದು ಕೂದಲೆಳೆಯಷ್ಟನ್ನೂ ತೆಗೆಯಲು ನನ್ನಿಂದಾಗಲಿಲ್ಲ.

"ಹಂಗೇ ಕೊಡು ಮಾವ," ಎಂದಳು ಅಕ್ಕನ ಮಗಳು.

ಹಾಗೇ ನುಡಿಸಿದೆ. ಹಲ್ಲಿ, ಕತ್ತೆ, ನಗು, "ಶ್". ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಕ್ಕನ ಭುಜ ಕುಲುಕಿತು. ನಗುತ್ತಿದ್ದಳು, ಸದ್ದಿರಲಿಲ್ಲ. ಮತ್ತೆ ಹಾಕು ಎಂದು ಬೆರಳಾಡಿಸಿದಳು. ಮತ್ತೆ ಹಾಕಿದೆ. ಏನಾದರೂ ತಮಾಷೆ ಮಾಡೋಣವೆಂದು ನಾನು ಬಾಯಿ ತೆರೆದೆ. ಅಕ್ಕ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ನೋಡಿದಳು. ಹುಟ್ಟಿದಾಗಿನಿಂದ ಮುಚ್ಚದ ನನ್ನ ಬಾಯಿ ಮುಚ್ಚಿತು.

ಈಗ ಮಧ್ಯಾಹ್ನದ ಹೊತ್ತು ಅಕ್ಕ ತೊಟ್ಟಿಲು ತೂಗುತ್ತಾಳೆ. ಮಗಳು ಜೋ ಜೋ ಅನ್ನುತ್ತ ಮಧ್ಯೆ ಮಧ್ಯೆ ಆ ತುಣುಕನ್ನು ಹಾಕುತ್ತಾಳೆ. ನನ್ನ ನೂರು ಪಿಟೀಲುಗಳನ್ನು ಯಾರೂ ಕೇಳುವುದಿಲ್ಲ, ನಾನೂ ಅವುಗಳನ್ನು ಎಬ್ಬಿಸಿಲ್ಲ. ಅಜ್ಜಿ ನಗಲು ಶುರುಮಾಡಿದೊಡನೆ ಮಗು ಕಾಲು ಬಡಿಯುವುದನ್ನು ನಿಲ್ಲಿಸಿ, ಕಣ್ಣರಳಿಸಿ, ದನಿ ಬಂದ ಕಡೆ ಹುಡುಕುತ್ತದೆ. "ಶ್" ಎಂದ ಮೇಲೂ ಸ್ವಲ್ಪ ಹೊತ್ತು ಕಾಯುತ್ತದೆ, ಮುಂದಿನದು ಬರಬಹುದೆಂದು.